1939ರ ಬೆಳ್ಳಿ ರೂಪಾಯಿ 9,000ಕ್ಕೆ ಕೊಡ್ತೀನಿ ಅಂತಿದಾನೆ, ಟೋಕನ್ ಹಾಕ್ಲಾ ಬೇಡ್ವಾ?

ರೂಪಾಯಿ_ಸಂಗ್ರಹ_ದಾವಣಗೆರೆ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟಾಗಿ ಕೇಳ್ತಿದೀನಿ, ಗೊತ್ತಿರೋರು ದಯವಿಟ್ಟು ಹೇಳಿ. ನಾನು ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಗಳನ್ನ ವರ್ಷವಾರು ಜೋಡಿಸ್ತಾ ಬಂದಿದೀನಿ. ಎಡ್ವರ್ಡ್ 1903ರಿಂದ 1910ರ ತನಕ ಮುಗೀತು, ಐದನೇ ಜಾರ್ಜ್ ಬಹುತೇಕ ಆಯ್ತು, ಆರನೇ ಜಾರ್ಜ್‌ದು 1938 ಇದೆ, 1940ರಿಂದ 45ರ ತನಕ ಇದೆ, 1939 ಮಾತ್ರ ಸಿಕ್ಕಿಲ್ಲ. ಅದು ಸಿಗೋದೇ ಕಷ್ಟ, ಹರಾಜಿಗೆ ಬಂದ್ರೆ ನಮ್ಮ ಕೈಗೆ ಎಟುಕೋ ರೇಟಲ್ಲ ಅಂತ ಗೊತ್ತು.

ಈಗ ಒಂದು ಆನ್‌ಲೈನ್ ಗ್ರೂಪಲ್ಲಿ ಒಬ್ಬ ಸೆಲ್ಲರ್ 1939 ಒರಿಜಿನಲ್ ಅಂತ ಹಾಕಿದಾನೆ, 9,000 ಅಂತಾನೆ, ಅಜ್ಜನ ಟ್ರಂಕಲ್ಲಿ ಸಿಕ್ತು, ನಮಗೆ ಇದ್ರ ಬಗ್ಗೆ ಗೊತ್ತಿಲ್ಲ ಅದಕ್ಕೇ ಕಮ್ಮಿಗೆ ಕೊಡ್ತಿದೀನಿ ಅಂತ. ತೂಕ ಕೇಳಿದ್ರೆ "11.66 ಗ್ರಾಂ ಕರೆಕ್ಟಾಗಿದೆ" ಅಂದ, ತಕ್ಕಡಿ ಫೋಟೋ ಕೇಳಿದ್ರೆ ನಮ್ಮತ್ರ ತಕ್ಕಡಿ ಇಲ್ಲ ಅಂದ. ಎರಡು ಫೋಟೋ ಇದೆ, ತಾರೀಖಿನ ಕಡೆದು ಕಪ್ಪು ಬ್ಯಾಕ್‌ಗ್ರೌಂಡಲ್ಲಿ ತುಂಬಾ ಚೆನ್ನಾಗಿದೆ, ರಾಜನ ಮುಖದ್ದು ಮರದ ಟೇಬಲ್ ಮೇಲೆ ಸ್ವಲ್ಪ ಮಸುಕಾಗಿದೆ. ಪ್ರೊಫೈಲ್ ಹೊಸದು. ಕ್ಯೂಆರ್ ಕಳಿಸಿದಾನೆ, ಅದ್ರಲ್ಲಿ ಬರೋ ಹೆಸರು ಬೇರೆ, ಕೇಳಿದ್ರೆ ಭಾವಮೈದುನನ ಅಕೌಂಟ್ ಅಂತೆ. ಇವತ್ತು ರಾತ್ರಿ ಒಳಗೆ 2,000 ಟೋಕನ್ ಹಾಕಿದ್ರೆ ಹಿಡಿದಿಡ್ತೀನಿ, ಇನ್ನಿಬ್ಬರು ಲೈನಲ್ಲಿದಾರೆ, ರಿಟರ್ನ್ ಇಲ್ಲ ಅಂದಿದಾನೆ. ಜೊತೆಗೆ ಈಸ್ಟ್ ಇಂಡಿಯಾ ಕಂಪನಿಯ 1818ರ ರಾಮ ಪಟ್ಟಾಭಿಷೇಕದ ಒಂದಾಣೆ ಫ್ರೀ ಕೊಡ್ತಾನಂತೆ.

ಅನುಮಾನ ಇದೆ ಆದ್ರೂ ಅಕಸ್ಮಾತ್ ನಿಜ ಆಗಿದ್ರೆ ಅಂತ ಮನಸ್ಸು ಎಳೀತಿದೆ. ಏನ್ ಮಾಡ್ಲಿ?

ಕಂಠೀರಾಯಿ_ಹಣ (ಮೈಸೂರು):

ಮೊದಲನೇದಾಗಿ ದುಡ್ಡು ಹಾಕ್ಬೇಡಿ. ಇವತ್ತು ರಾತ್ರಿ ಕಳೀಲಿ, ನಾಳೆನೂ ಆ ನಾಣ್ಯ ಅಲ್ಲೇ ಇರುತ್ತೆ, ಆ ಇನ್ನಿಬ್ಬರೂ ಅಲ್ಲೇ ಲೈನಲ್ಲಿರ್ತಾರೆ.

ಫ್ರೀ ಕೊಡ್ತೀನಿ ಅಂದ್ನಲ್ಲ ಒಂದಾಣೆ, ಅದ್ರಿಂದ್ಲೇ ಆ ಮನುಷ್ಯ ಎಂಥೋನು ಅಂತ ಹೇಳಬಹುದು. ಕಂಪನಿ ಆ ನಾಣ್ಯ ಹೊಡೆದೇ ಇಲ್ಲ. ಇಡೀ ಕಂಪನಿ ಆಡಳಿತಕ್ಕೆ ಒಂದೇ ಥರದ ನಾಣ್ಯ ಅಂತ ಶುರುವಾಗಿದ್ದೇ 1835ರಲ್ಲಿ. ಅದಕ್ಕಿಂತ ಮುಂಚೆ ಮದ್ರಾಸು, ಬೊಂಬಾಯಿ, ಬಂಗಾಳ ಒಂದೊಂದರದ್ದೂ ಒಂದೊಂದು ದಾರಿ. ಒಂದಾಣೆ ಅಂತ ಬಿಡಿ ನಾಣ್ಯ ಬ್ರಿಟಿಷರು ತಂದಿದ್ದು ಎಡ್ವರ್ಡ್ ಕಾಲದಲ್ಲಿ, ಅಲೆಅಲೆಯಾದ ಅಂಚಿನ ತಾಮ್ರ ನಿಕ್ಕಲ್ ಮಿಶ್ರಣದ್ದು, ನಮ್ಮ ತಾತಂದಿರು ಬಳಸಿದ್ದು ಅದೇ. ಈ ರಾಮ, ಹನುಮಂತ, ಲಕ್ಷ್ಮಿ ಇರೋ 1818, 1717, 1616 ಎಲ್ಲ ಇತ್ತೀಚೆಗೆ ಹೊಡೆದ ಬಿಲ್ಲೆಗಳು. 1616 ಅಂತ ಇರೋದನ್ನ ಒಂದ್ಸಲ ಯೋಚನೆ ಮಾಡಿ ನೋಡಿ, ಕಂಪನಿಯೋರು ಆಗಿನ್ನೂ ಸೂರತ್ತಲ್ಲಿ ವ್ಯಾಪಾರಕ್ಕೆ ಜಾಗ ಮಾಡ್ಕೊಳ್ತಾ ಇದ್ರು ಅಷ್ಟೇ. ದೇವರ ಚಿತ್ರ ಇರೋ ಕಂಪನಿ ನಾಣ್ಯನೇ ಇಲ್ಲ ಅಂತ ಅಲ್ಲ, ಮದ್ರಾಸಿನ ಮೂರು ಸ್ವಾಮಿ ವರಹ ಇದೆ, ಆದ್ರೆ ಅದು ಪುಟ್ಟ ಚಿನ್ನದ ನಾಣ್ಯ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಈ ಬಿಲ್ಲೆಗಳನ್ನೇ ಅಕ್ಕಿ ಎಳೆಯೋ ಶಕ್ತಿ ಇದೆ ಅಂತ ಹೇಳಿ ರೈಸ್ ಪುಲ್ಲಿಂಗ್ ಹೆಸರಲ್ಲಿ ಜನರ ಮನೆ ಹಾಳು ಮಾಡಿರೋದು. ಅಂಥದ್ದನ್ನ ಹಳೇ ನಾಣ್ಯ ಅಂತ ಕೊಡೋನಿಗೆ ಒಂದೋ ನಾಣ್ಯದ ಗಂಧಗಾಳಿ ಇಲ್ಲ, ಇಲ್ಲಾ ಗೊತ್ತಿದ್ದೂ ಮೋಸ ಮಾಡ್ತಿದಾನೆ. ಎರಡರಲ್ಲಿ ಯಾವುದಾದ್ರೂ ಅವನ ಮಾತಿನ ಮೇಲೆ 1939 ತಗೊಳ್ಳೋಕಾಗಲ್ಲ.

ಈಗ 1939ರ ವಿಚಾರ. ಇದು ನಿಮಗೂ ಗೊತ್ತಿರಬಹುದು, ಗೊತ್ತಿಲ್ಲದೋರು ಓದ್ತಾರೆ ಅಂತ ಬರೀತಿದೀನಿ. 1938, 1939 ಎರಡೂ ಹಳೇ ಬೆಳ್ಳಿ ಲೆಕ್ಕದ್ದು, 91.7 ಪರ್ಸೆಂಟ್ ಬೆಳ್ಳಿ, ಅಂಚಲ್ಲಿ ಬರೀ ನೇರ ಗೀರು. ಯುದ್ಧ ಶುರುವಾಗಿ ಬೆಳ್ಳಿಗೆ ತತ್ವಾರ ಆದ್ಮೇಲೆ 1940ರಿಂದ ಬೆಳ್ಳಿನ 50 ಪರ್ಸೆಂಟಿಗೆ ಇಳಿಸಿದ್ರು, ಅದೇ ಹೊತ್ತಿಗೆ ಖೋಟಾ ತಡೆಯೋಕೆ ಅಂತ ಸೆಕ್ಯೂರಿಟಿ ಎಡ್ಜ್ ತಂದ್ರು, ಅಂದ್ರೆ ಅಂಚಿನ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ, ಅದರೊಳಗೆ ಡಿಸೈನು. ತೂಕ ಮಾತ್ರ ಎರಡಕ್ಕೂ ಅದೇ 11.66. ಹಾಗಾಗಿ ತೂಕ ಸರಿ ಇದೆ ಅಂದ ಮಾತ್ರಕ್ಕೆ 1939 ಅಂತ ಆಗಲ್ಲ.

ಅವನ್ನ ಮೂರು ಕೇಳಿ. ಒಂದು ಚೀಟಿ ಮೇಲೆ ನಿಮ್ಮ ಹೆಸರು, ಇವತ್ತಿನ ತಾರೀಖು ಬರೆದು ನಾಣ್ಯನ ಅದರ ಮೇಲಿಟ್ಟು ಎರಡೂ ಕಡೆ ಫೋಟೋ. ಅಂಚಿನ ಫೋಟೋ, ಬೆರಳಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸೋ ವಿಡಿಯೋ ಆದ್ರೆ ಇನ್ನೂ ಒಳ್ಳೇದು. ಆಮೇಲೆ 39ರ ಅಂಕಿಯ ಕ್ಲೋಸ್‌ಅಪ್, ಯಾಕಂದ್ರೆ 1938ರ ಎಂಟನ್ನ ಕೆರೆದು ಒಂಬತ್ತು ಮಾಡೋರಿದಾರೆ, ಕೆರೆದ ಕಡೆ ಸುತ್ತಲಿನ ಮೈ ಬೇರೆ ಥರ ಹೊಳೆಯುತ್ತೆ, ಒಂಬತ್ತಿನ ಬಾಲ ಪಕ್ಕದ ಅಂಕಿಗಳಿಗಿಂತ ತೆಳ್ಳಗಿರುತ್ತೆ. ಮನೇಲಿ ನಾಣ್ಯ ಇರೋನಿಗೆ ಇದು ಐದು ನಿಮಿಷದ ಕೆಲಸ. ಇದನ್ನ ಕೊಡ್ದೆ ಬೇಜಾರು ಮಾಡ್ಕೊಂಡ್ರೆ, "ನಂಬಿಕೆ ಇಲ್ಲಾಂದ್ರೆ ಬೇಡ ಬಿಡಿ" ಅಂತ ರೇಗಿದ್ರೆ ಅಲ್ಲಿಗೆ ನಮಸ್ಕಾರ ಹೇಳಿ.

ಪತ್ತಾರ_ಹುಬ್ಬಳ್ಳಿ:

ಮೈಸೂರು ಸರ್ ಹೇಳಿದ್ದು ಖರೇ ಐತ್ರಿ. ನಮ್ದು ಮನಿತನದ ಬಂಗಾರ ಬೆಳ್ಳಿ ಕೆಲಸ, ಅದಕ್ಕ ಒಂದೆರಡು ಮಾತು ಹೇಳ್ತೀನಿ.

ಮ್ಯಾಗ್ನೆಟ್ ಹಿಡದು ನೋಡಿದೆ ಅಂಟಲಿಲ್ಲ ಅದಕ್ಕ ಬೆಳ್ಳಿ ಅಂತ ಭಾಳ ಮಂದಿ ತಿಳ್ಕೊಂಡಾರ. ತಾಮ್ರ ಅಂಟಂಗಿಲ್ಲ, ಹಿತ್ತಾಳಿ ಅಂಟಂಗಿಲ್ಲ, ಜರ್ಮನ್ ಸಿಲ್ವರ್ ಅಂತಾರಲ್ಲ, ಬೆಳ್ಳಿನ ಇಲ್ಲದ ತಾಮ್ರ ನಿಕ್ಕಲ್ ಮಿಶ್ರಣ, ಅದೂ ಅಂಟಂಗಿಲ್ಲ. ಮ್ಯಾಗ್ನೆಟ್‌ಗೆ ಅಂಟಿದ್ರ ಅದು ಸುಳ್ಳು ಅಂತ ಗೊತ್ತಾಗ್ತದ, ಅಂಟಲಿಲ್ಲ ಅಂದ್ರ ಏನೂ ಗೊತ್ತಾಗಂಗಿಲ್ಲ, ಅಷ್ಟ.

ನೀರಿನ ತೂಕ ಮಾಡ್ರಿ. ಎರಡು ಡೆಸಿಮಲ್ ತೋರಸೋ ಸಣ್ಣ ತಕ್ಕಡಿ ಈಗ ಎಲ್ಲಾ ಕಡೆ ಸಿಗ್ತದ. ಗ್ಲಾಸಿನ್ಯಾಗ ನೀರು ಹಾಕಿ ತಕ್ಕಡಿ ಮ್ಯಾಲ ಇಟ್ಟು ಝೀರೋ ಮಾಡ್ರಿ. ನಾಣ್ಯಾಕ ಸಣ್ಣ ದಾರ ಕಟ್ಟಿ ಕೈಯಾಗ ಹಿಡಕೊಂಡು ನೀರಿನ್ಯಾಗ ಪೂರ್ತಿ ಮುಳಗಸ್ರಿ, ತಳಾ ಮುಟ್ಟಬಾರದು, ಗೋಡಿ ಮುಟ್ಟಬಾರದು, ಗುಳ್ಳಿ ಇರಬಾರದು. ಆವಾಗ ತಕ್ಕಡಿ ತೋರಸೋ ನಂಬರ್ ನೋಡ್ರಿ. 11.66 ಗ್ರಾಂ ಹಳೇ 91.7 ಬೆಳ್ಳಿ ರೂಪಾಯಿ ಆದ್ರ 1.13 ಹತ್ರ ಬರಬೇಕು. 1940ರ ಮುಂದಿನ ಅರ್ಧಾ ಬೆಳ್ಳಿದು ಆದ್ರ 1.22 ಹತ್ರ. ಜರ್ಮನ್ ಸಿಲ್ವರ್, ಹಿತ್ತಾಳಿ ಮ್ಯಾಲ ಬೆಳ್ಳಿ ನೀರು ಕುಡಿಸಿದ್ದು ಇದ್ರ 1.35 ಆಸುಪಾಸು ಇಲ್ಲಾ ಅದಕ್ಕೂ ಹೆಚ್ಚು ತೋರಸ್ತದ. ನಾಣ್ಯಾಕ ಒಂದು ಗೆರಿನೂ ಬೀಳಂಗಿಲ್ಲ.

ಇನ್ನೊಂದ್ ಮಾತ್, ಯಾರೂ ಒರೆಗಲ್ಲಿಗೆ ತಿಕ್ಕಿಸಬ್ಯಾಡ್ರಿ. ಅಂಚಿಗೆ ತಿಕ್ಕಿದ ಗುರುತು ಬಿತ್ತು ಅಂದ್ರ ಸಂಗ್ರಹದ ಬೆಲಿ ಹೋತು. ಅನುಮಾನ ಇದ್ರ ದೊಡ್ಡ ಅಂಗಡಿಯಾಗ ಎಕ್ಸ್‌ಆರ್‌ಎಫ್ ಮಶೀನ್ ಇರ್ತದ, ಅದರಾಗ ಇಟ್ರ ಮ್ಯಾಲಿನ ಪದರದಾಗ ಏನೇನ್ ಎಷ್ಟೆಷ್ಟ್ ಐತಿ ಹೇಳ್ತದ. ಮ್ಯಾಲಿನ ಪದರ ಅಷ್ಟ ಮತ್ತ, ದಪ್ಪಗೆ ಬೆಳ್ಳಿ ನೀರು ಕುಡಿಸಿದ್ದಕ್ಕ ಅದೂ ಮೋಸ ಹೋಗ್ತದ, ಅದಕ್ಕ ನೀರಿನ ತೂಕ ಬಿಡಬ್ಯಾಡ್ರಿ.

ರೂಪಾಯಿ_ಸಂಗ್ರಹ_ದಾವಣಗೆರೆ:

ತುಂಬಾ ಥ್ಯಾಂಕ್ಸ್ ಸರ್ ಇಬ್ಬರಿಗೂ. ಮೂರೂ ಕೇಳಿ ಮೆಸೇಜ್ ಹಾಕಿದೀನಿ. ನೀರಿನ ತೂಕ ನನ್ನ ಹತ್ರ ಇರೋ 1938, 1941 ಎರಡಕ್ಕೂ ಈಗಲೇ ಮಾಡಿ ನೋಡ್ದೆ, ನೀವು ಹೇಳಿದಷ್ಟೇ ಹತ್ರ ಹತ್ರ ಬಂತು, ಖುಷಿ ಆಯ್ತು.

ಲಾಟ್_ವ್ಯಾಪಾರಿ (ಬೆಂಗಳೂರು):

ನಾನು ನಾಣ್ಯ ಮಾರೋನೇ, ಎಕ್ಸಿಬಿಷನ್‌ಗಳಲ್ಲಿ ಟೇಬಲ್ ಹಾಕ್ತೀನಿ, ಆನ್‌ಲೈನಲ್ಲೂ ಕಳಿಸ್ತೀನಿ, ಅದಕ್ಕೆ ಮಾರೋರ ಕಡೆಯಿಂದಾನೂ ಸ್ವಲ್ಪ ಹೇಳ್ಬೇಕು ಅನ್ನಿಸ್ತು.

ಈ ಕೇಸಲ್ಲಿ ಅನುಮಾನವೇ ಇಲ್ಲ, ಬಿಟ್ಬಿಡಿ. ಆದ್ರೆ ರಿಟರ್ನ್ ಇಲ್ಲ ಅಂದೋರೆಲ್ಲ ಕಳ್ಳರು ಅಂತ ತಿಳ್ಕೋಬೇಡಿ. ಒಳ್ಳೇ ನಾಣ್ಯ ತರಿಸ್ಕೊಂಡು ತಮ್ಮ ಹತ್ರ ಇರೋ ಸವೆದ ನಾಣ್ಯನ ಅದೇ ಕವರಲ್ಲಿ ಹಾಕಿ ವಾಪಸ್ ಕಳಿಸೋ ಗಿರಾಕಿಗಳೂ ಇದಾರೆ. ಅದಕ್ಕೆ ನಾನು ಏನ್ ಮಾಡ್ತೀನಿ ಅಂದ್ರೆ, ಪ್ರತಿ ನಾಣ್ಯದ ಎರಡೂ ಕಡೆ, ಅಂಚು, ಅದರ ಮೇಲಿರೋ ಗೀರು ಕಲೆ ಎಲ್ಲ ಕಾಣೋ ಹಾಗೆ ಫೋಟೋ ತೆಗೆದು ಗಿರಾಕಿಗೆ ಮೊದಲೇ ಕಳಿಸ್ತೀನಿ, ಹೋಲ್ಡರ್‌ಗೆ ಸಹಿ ಇರೋ ಸ್ಟಿಕ್ಕರ್ ಹಾಕಿ ಸೀಲ್ ಮಾಡ್ತೀನಿ, ಸೀಲ್ ಹಾಗೇ ಇದ್ರೆ ವಾರದೊಳಗೆ ವಾಪಸ್ ತಗೋತೀನಿ. ಖೋಟಾ ಅಂತ ಸಾಬೀತಾದ್ರೆ ವರ್ಷ ಆದ್ಮೇಲೂ ದುಡ್ಡು ವಾಪಸ್. ಗುರುತಿರೋ ವ್ಯಾಪಾರಿಗಳಲ್ಲಿ ಬಹಳ ಜನ ಹೀಗೇ ಮಾಡೋದು, ಬಿಲ್ ಮೇಲೆ ಬರೆಸಿಕೊಳ್ಳಿ. ಬಿಲ್ ಕೊಡಲ್ಲ ಅನ್ನೋನ ಹತ್ರ 500 ರೂಪಾಯಿ ಮೇಲಿನದ್ದು ಏನೂ ತಗೋಬೇಡಿ. ಪಾರ್ಸೆಲ್ ಬಂದಾಗ ನೀವೂ ಕವರಿನ ಮೇಲಿನ ವಿಳಾಸ ಕಾಣೋ ಹಾಗೆ ಶುರು ಮಾಡಿ ನಾಣ್ಯ ಆಚೆ ಬರೋ ತನಕ ವಿಡಿಯೋ ಕಟ್ ಮಾಡ್ದೆ ತೆಗೀರಿ. ಜಗಳ ಬಂದ್ರೆ ಅದೊಂದೇ ಕೈ ಹಿಡಿಯೋದು.

ಕ್ಯಾಶ್ ಆನ್ ಡೆಲಿವರಿ ಅಂದ್ರೆ ಸೇಫ್ ಅಂತ ಅಂದ್ಕೊಂಡಿರ್ತಾರೆ, ಅದೂ ಪೂರ್ತಿ ನಿಜ ಅಲ್ಲ. ದುಡ್ಡು ಕೊಟ್ಟ ಮೇಲೆನೇ ಕವರ್ ಬಿಚ್ಚೋಕೆ ಬಿಡೋದು, ದುಡ್ಡು ಕೊಟ್ಟು ಬಿಡಿಸ್ಕೊಳ್ಳೋ ಹಳೇ ಕಾಲದ ಅಂಚೆ ಪಾರ್ಸೆಲ್ ವಿಪಿಪಿ ಕೂಡ ಹಂಗೇ ಇದ್ದಿದ್ದು. ಒಳಗೆ ವಾಷರ್ ಇದ್ರೂ ಪೋಸ್ಟ್‌ಮ್ಯಾನ್ ಏನೂ ಮಾಡೋಕಾಗಲ್ಲ.

ಇನ್ನೊಂದು ವಿಷಯ, ಇದ್ರ ಬಗ್ಗೆ ಯಾರೂ ಮಾತಾಡಲ್ಲ. ಪೂರ್ತಿ ಖೋಟಾ ಮಾರೋರಿಗಿಂತ ಅರ್ಧ ಸತ್ಯ ಹೇಳೋ ಸೆಲ್ಲರ್‌ಗಳಿಂದಾನೇ ಹೊಸಬರಿಗೆ ಜಾಸ್ತಿ ನಷ್ಟ ಆಗ್ತಿರೋದು. ನಾಣ್ಯ ಅಸಲೀನೇ ಇರುತ್ತೆ, ಆದ್ರೆ ಪಾಲಿಶ್ ಹಾಕಿ ಉಜ್ಜಿ ಹೊಳೆಯೋ ಹಾಗೆ ಮಾಡಿ ಯುಎನ್‌ಸಿ, ಅಂದ್ರೆ ಚಲಾವಣೇಲಿ ಸವೆಯದ ನಾಣ್ಯ, ಅಂತ ಬರೆದಿರ್ತಾರೆ. ನಮ್ಮ ಕಡೆ ಹೆಂಗಸರು ರೂಪಾಯಿ ಸರ ಹಾಕ್ತಿದ್ರಲ್ಲ, ಆ ಸರದಿಂದ ಬಿಚ್ಚಿದ ವಿಕ್ಟೋರಿಯಾ, ಎಡ್ವರ್ಡ್ ರೂಪಾಯಿಗಳು ರಾಶಿ ಇದಾವೆ, ಕೊಂಡಿ ಬೆಸೆದಿದ್ದನ್ನ ತೆಗೆದು ಉಜ್ಜಿ, ತೂತು ಇದ್ರೆ ಬೆಳ್ಳಿ ತುಂಬಿಸಿ ಮಾರ್ತಾರೆ. ನಾಣ್ಯದ ನೆತ್ತಿ ಕಡೆ ಅಂಚನ್ನ ನೋಡಿ, ಗೀರುಗಳು ಒಂದು ಕಡೆ ಅಳಿಸಿ ನುಣ್ಣಗಾಗಿದ್ರೆ ಅಲ್ಲಿ ಬೆಸುಗೆ ಇತ್ತು ಅಂತ. ಸೆಲ್ಲರ್ ಫೋಟೋದಲ್ಲಿ ಸರಿಯಾಗಿ ಅಲ್ಲೇ ಬೆರಳು ಇಟ್ಟಿದ್ರೆ ಬೆರಳು ತೆಗೆದು ತೋರಿಸಿ ಅಂತ ಕೇಳಿ. ಸರದ್ದು ಅಂತ ಹೇಳಿ ಅದರ ರೇಟಿಗೆ ಕೊಟ್ರೆ ತಪ್ಪೇನಿಲ್ಲ, ನಾನೂ ಮಾರ್ತೀನಿ, ಮುಚ್ಚಿಡೋದು ತಪ್ಪು.

ಸ್ಲ್ಯಾಬ್ ಅಂತ ಪ್ಲಾಸ್ಟಿಕ್ ಡಬ್ಬೀಲಿ ಗ್ರೇಡ್ ಆಗಿ ಬರೋದಿದೆಯಲ್ಲ, ಅದೂ ನಕಲಿ ಬರ್ತಿದೆ. ಅದರ ಮೇಲಿನ ನಂಬರನ್ನ ಗ್ರೇಡಿಂಗ್ ಕಂಪನಿ ಸೈಟಲ್ಲಿ ಹಾಕಿ ನೋಡಿ, ಅಲ್ಲಿ ಫೋಟೋ ಇದ್ರೆ ಗೀರು ಗೀರೂ ಹೋಲಿಸಿ. ನಂಬರ್ ಸರಿ ಇದೆ ಅಂತ ಬಿಟ್ಬಿಡಬೇಡಿ, ನಿಜವಾದ ನಂಬರನ್ನೇ ಕದ್ದು ಹಾಕಿರ್ತಾರೆ.

ಸಿಂಧು_ಎಚ್:

ಇಲ್ಲೇ ಕೇಳ್ಬಹುದಾ ಗೊತ್ತಿಲ್ಲ, ನಂದು ಕೊಳ್ಳೋ ವಿಷಯ ಅಲ್ಲ ಮಾರೋದು. ನಮ್ಮ ತಾತನ ಹಳೇ ನಾಣ್ಯಗಳು ಒಂದಷ್ಟಿದೆ, ಟಿಪ್ಪು ಕಾಲದ ಆನೆ ಇರೋ ತಾಮ್ರದ ದಪ್ಪ ನಾಣ್ಯಗಳು, ಮೈಸೂರು ಒಡೆಯರದ್ದು ಅಂತ ಹೇಳೋ ಚಿಕ್ಕವು, ಆಮೇಲೆ ವೈಷ್ಣೋದೇವಿ ಇರೋ 5 ರೂಪಾಯಿ. ಆ 5 ರೂಪಾಯಿಗೆ 10 ಲಕ್ಷ ಅಂತ ಒಂದು ವಿಡಿಯೋ ನೋಡಿ ಅಮ್ಮ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದಾರೆ. ಈಗ ಅವರು ರಿಸರ್ವ್ ಬ್ಯಾಂಕ್ ಲೋಗೋ ಇರೋ ಲೆಟರ್ ಕಳಿಸಿ ನಿಮ್ಮ ನಾಣ್ಯ ಅಪ್ರೂವ್ ಆಗಿದೆ, 4,500 ರಿಜಿಸ್ಟ್ರೇಷನ್, ಆಮೇಲೆ ಜಿಎಸ್‌ಟಿ ಕಟ್ಟಿ ಅಂತಿದಾರೆ. ಅಮ್ಮ ಇನ್ನೂ ಕಟ್ಟಿಲ್ಲ ಆದ್ರೆ ದಿನಾ ಫೋನ್ ಮಾಡಿ ತಲೆ ತಿಂತಿದಾರೆ. ಏನ್ ಮಾಡೋದು?

ಕಡಲತೀರ_ಉಡುಪಿ:

ಸಿಂಧು ಅವರೇ, ಒಂದು ರೂಪಾಯಿ ಕೂಡ ಕಟ್ಟಬೇಡಿ ಮಾರಾಯ್ರೆ, ಆ ನಂಬರ್ ಬ್ಲಾಕ್ ಮಾಡಿ. ನಾನು ಬ್ಯಾಂಕಲ್ಲಿ ಇದ್ದು ರಿಟೈರ್ ಆದವನು. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಇದರ ಬಗ್ಗೆ ಪ್ರಕಟಣೆ ಕೊಟ್ಟಿದೆ. ತಮ್ಮ ಹೆಸರು, ಲೋಗೋ ಹಾಕಿಕೊಂಡು ಹಳೇ ನೋಟು ನಾಣ್ಯ ಕೊಳ್ಳುವುದು ಮಾರುವುದಕ್ಕೆ ಚಾರ್ಜು, ಕಮಿಷನ್, ಟ್ಯಾಕ್ಸ್ ಕೇಳ್ತಿದಾರೆ, ನಾವು ಆ ವ್ಯವಹಾರವನ್ನೇ ಮಾಡುವುದಿಲ್ಲ, ನಮ್ಮ ಪರವಾಗಿ ಮಾಡ್ಲಿಕ್ಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ಸ್ಪಷ್ಟವಾಗಿ ಹೇಳಿದಾರೆ. ಅಮ್ಮನಿಗೆ ಅದನ್ನೇ ಓದಿ ಹೇಳಿ. ವೈಷ್ಣೋದೇವಿ ನಾಣ್ಯ 2012ರಲ್ಲಿ ಬಂದದ್ದು, 5 ಮತ್ತು 10 ರೂಪಾಯಿದು, ಚಲಾವಣೆಗೆ ಬಿಟ್ಟದ್ದು, ಅದಕ್ಕೆ ಲಕ್ಷ ಕೊಡುವವರು ಯಾರೂ ಇಲ್ಲ. ನಿಮ್ಮ ನಾಣ್ಯ ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಮೊದಲು ಕೇಳಿದ ಅಂದ್ರೆ ಅವನಿಗೆ ಬೇಕಾದ್ದು ನಾಣ್ಯ ಅಲ್ಲ. ಮತ್ತೆ ಯುಪಿಐಯಲ್ಲಿ ದುಡ್ಡು ಬರ್ಲಿಕ್ಕೆ ಪಿನ್ ಹಾಕುವ ಅಗತ್ಯ ಇಲ್ಲ, "ದುಡ್ಡು ಕಳಿಸ್ತಿದ್ದೇನೆ ಪಿನ್ ಒತ್ತಿ" ಅಂದ್ರೆ ಕೂಡಲೇ ಫೋನ್ ಇಡಿ. ಆಧಾರ್, ಪ್ಯಾನ್ ಫೋಟೋ ಕಳಿಸಿದ್ರಾ ಕೇಳಿ ನೋಡಿ, ಕಳಿಸಿದ್ರೆ ಬ್ಯಾಂಕಿಗೆ ತಿಳಿಸಿಡಿ.

ಯಾರಾದ್ರೂ ಈಗಾಗ್ಲೇ ಕಟ್ಟಿದ್ರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದ್ರೆ ಅಷ್ಟು ಒಳ್ಳೇದು, ದುಡ್ಡು ಅವನ ಖಾತೆಯಿಂದ ಮುಂದೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಇರ್ತದೆ. ಆಮೇಲೆ ಸೈಬರ್ ಕ್ರೈಂ ಪೋರ್ಟಲಲ್ಲಿ ದೂರು ಹಾಕಿ, ಯುಪಿಐ ವ್ಯವಹಾರದ ನಂಬರ್, ಚಾಟ್‌ನ ಸ್ಕ್ರೀನ್‌ಶಾಟ್, ಅವನು ಕಳಿಸಿದ ಫೋಟೋ ಎಲ್ಲ ಇಟ್ಟುಕೊಳ್ಳಿ. ಸಿಟ್ಟಲ್ಲಿ ಚಾಟ್ ಡಿಲೀಟ್ ಮಾಡಬೇಡಿ. ನಾವಾಗಿ ಪಿನ್ ಹಾಕಿ ಕಳಿಸಿದ ದುಡ್ಡು ಅಂತ ಬ್ಯಾಂಕಿನವರು ಕೈ ಚೆಲ್ಲಬಹುದು, ಆದ್ರೂ ದೂರು ದಾಖಲಾಗಿರಲಿ.

ದೊಡ್ಡ ಶಾಪಿಂಗ್ ಸೈಟಲ್ಲಿ ತಗೊಂಡು ಮೋಸ ಆದ್ರೆ ದಾರಿ ಬೇರೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು ದೂರು ಅಧಿಕಾರಿ ಇಟ್ಟಿರಬೇಕು, 48 ಗಂಟೆಯಲ್ಲಿ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಅಲ್ಲಿ ಆಗದಿದ್ರೆ ಗ್ರಾಹಕ ಸಹಾಯವಾಣಿ 1915, ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಈಗಿನ ಕಾಯ್ದೆಯಲ್ಲಿ ನೀವು ಇರುವ ಊರಲ್ಲೇ ಕೇಸು ಹಾಕಬಹುದು, ಸೆಲ್ಲರ್ ದೆಹಲಿಯಲ್ಲಿದ್ರೆ ದೆಹಲಿಗೆ ಹೋಗಬೇಕಾಗಿಲ್ಲ, 5 ಲಕ್ಷದವರೆಗೆ ಫೀಸಿಲ್ಲ. ಒಂದು ಮಾತು ನೆನಪಿರಲಿ, ಸೈಟಿನ ಚಾಟ್ ಬಿಟ್ಟು ಹೊರಗೆ ಮಾತಾಡುವ, ಕಮ್ಮಿಗೆ ಕೊಡ್ತೇನೆ ಅಂತ ಸೆಲ್ಲರ್ ಕರೆದು, ನೀವು ನೇರ ದುಡ್ಡು ಹಾಕಿದ್ರೆ ಈ ರಕ್ಷಣೆ ಎಲ್ಲ ಕೈ ಬಿಟ್ಟು ಹೋಗ್ತದೆ.

ಕಂಠೀರಾಯಿ_ಹಣ (ಮೈಸೂರು):

ಸಿಂಧು ಅವರೇ, ತಾತನ ನಾಣ್ಯಗಳನ್ನ ದಯವಿಟ್ಟು ಹುಣಸೆಹಣ್ಣು, ಪೀತಾಂಬರಿ ಹಾಕಿ ತೊಳೀಬೇಡಿ, ತಾಮ್ರದ ಮೇಲಿನ ಕಂದು ಬಣ್ಣ ಹೋದ್ರೆ ಬೆಲೆ ಹೋಯ್ತು. ಟಿಪ್ಪು ಪೈಸೆಗಳಲ್ಲಿ ಆನೆ ಒಂದು ಕಡೆ ಇದ್ರೆ ಇನ್ನೊಂದು ಕಡೆ ಟಂಕಸಾಲೆ ಹೆಸರು ಪರ್ಷಿಯನ್ ಲಿಪೀಲಿರುತ್ತೆ, ಪಟ್ಟಣ ಅಂದ್ರೆ ಶ್ರೀರಂಗಪಟ್ಟಣದ್ದು ಹೆಚ್ಚಾಗಿ ಸಿಗುತ್ತೆ, ನಗರ ಅಂದ್ರೆ ಬಿದನೂರಿನದ್ದೂ ಸಿಗುತ್ತೆ, ಬೇರೆ ಕೆಲವು ಊರಿನದ್ದು ಸಿಕ್ಕೋದು ಕಷ್ಟ. ಮೌಲೂದಿ ವರ್ಷ, ಅಂದ್ರೆ ಟಿಪ್ಪು ತಂದ ಹೊಸ ವರ್ಷದ ಲೆಕ್ಕ, ಹಾಕಿರೋ ನಾಣ್ಯಗಳಲ್ಲಿ ಅಂಕಿ ಬಲದಿಂದ ಎಡಕ್ಕೆ ಓದ್ಬೇಕು. ಅದನ್ನೆಲ್ಲ ಓದಿಸ್ಕೊಂಡು ಆಮೇಲೆ ಮಾರೋ ಯೋಚನೆ ಮಾಡಿ, ಕಿಲೋ ಲೆಕ್ಕದಲ್ಲಿ ಕೇಳೋರಿಗೆ ಕೊಡ್ಬೇಡಿ. ಎರಡೂ ಕಡೆ ಫೋಟೋ ಇಲ್ಲಿ ಹಾಕಿ, ಓದೋರು ಇದೀವಿ.

ಚಿತ್ರದುರ್ಗ_ಕಲ್ಲು:

ನಮ್ಮ ಮಧ್ಯ ಕರ್ನಾಟಕದ ಕಡೆ ಇನ್ನೊಂದು ಥರ ನಡೆಯುತ್ತೆ, ಪೇಪರಲ್ಲಿ ಆಗಾಗ ಬರ್ತಾನೇ ಇರುತ್ತೆ. ಮನೆ ಪಾಯ ತೆಗೆಯುವಾಗ ಚಿನ್ನದ ನಾಣ್ಯ ಸಿಕ್ತು, ಸರ್ಕಾರಕ್ಕೆ ಗೊತ್ತಾದ್ರೆ ಕಿತ್ಕೋತಾರೆ, ಕಮ್ಮಿಗೆ ಕೊಡ್ತೀವಿ ಅಂತ ಫೋನ್ ಬರುತ್ತೆ. ಮೊದಲು ಒಂದೋ ಎರಡೋ ಅಸಲಿ ಚಿನ್ನ ಕೊಡ್ತಾರೆ, ಅಕ್ಕಸಾಲಿ ಹತ್ರ ನೀವೇ ಚೆಕ್ ಮಾಡಿಸ್ಕೊಂಡು ಬನ್ನಿ ಅಂತಾರೆ, ಅದು ಪಾಸಾಗುತ್ತೆ. ಆಮೇಲೆ ಲಕ್ಷಗಟ್ಟಲೆ ದುಡ್ಡು ತಗೊಂಡು ಯಾವುದೋ ಊರಾಚೆ ಬನ್ನಿ ಅಂತ ಕರೆದು ಗಂಟು ಕೊಡ್ತಾರೆ, ಅದೆಲ್ಲ ಹಿತ್ತಾಳೆ. ಈಗ ಇದೇ ಆನ್‌ಲೈನಿಗೂ ಬಂದಿದೆ, ಕೃಷ್ಣದೇವರಾಯನ ವರಹ ಅಂತ ಫೋಟೋ ಹಾಕಿ 8,000ಕ್ಕೆ ಅಂತಾರೆ. ವರಹ ಅಂದ್ರೆ ಸುಮಾರು 3.4 ಗ್ರಾಂ ಚಿನ್ನ, ಇವತ್ತಿನ ಚಿನ್ನದ ರೇಟಿಂದ ಗುಣಿಸಿ ನೋಡಿ, ಚಿನ್ನದ ಬೆಲೆಗೂ ಕಮ್ಮಿ ಆಯ್ತು, ಅಂದ್ರೆ ಏನು ಅಂತ ನೀವೇ ಯೋಚನೆ ಮಾಡಿ. ವಿಕ್ಟೋರಿಯಾ ರೂಪಾಯಿಗೂ ಇದೇ ಲೆಕ್ಕ ಹಾಕಿ, ಅದರಲ್ಲಿ 10.7 ಗ್ರಾಂ ಹತ್ರ ಶುದ್ಧ ಬೆಳ್ಳಿ ಇರುತ್ತೆ, 300 ರೂಪಾಯಿಗೆ ಯಾರಾದ್ರೂ ಕೊಟ್ರೆ ಅದು ಬೆಳ್ಳಿ ಅಲ್ಲ.

ನೆಲದಲ್ಲಿ ಸಿಕ್ಕಿದ್ದು ಅಂತ ಅವರೇ ಬಾಯ್ಬಿಟ್ಟು ಹೇಳಿದ್ರೆ ಅಸಲಿ ಆಗಿದ್ರೂ ಮುಟ್ಟಬಾರದು, ನಿಧಿ ಸಿಕ್ರೆ ಸರ್ಕಾರಕ್ಕೆ ತಿಳಿಸ್ಬೇಕು ಅಂತ ಬ್ರಿಟಿಷ್ ಕಾಲದ 1878ರ ಕಾಯ್ದೆಯಿಂದಾನೂ ಇದೆ. ತಗೊಂಡೋನೂ ಸಿಕ್ಕಿಹಾಕ್ಕೋತಾನೆ.

ರೂಪಾಯಿ_ಸಂಗ್ರಹ_ದಾವಣಗೆರೆ:

ಅಪ್‌ಡೇಟ್. ಎರಡು ದಿನ ಉತ್ತರ ಇರ್ಲಿಲ್ಲ, ನಿನ್ನೆ ರಾತ್ರಿ ಅವನೇ ಮೆಸೇಜ್ ಮಾಡ್ದ, 7,000ಕ್ಕೆ ಇಳಿಸ್ತೀನಿ ಅಂತ. ಚೀಟಿ ಇಟ್ಟು ಫೋಟೋ ತೆಗಿ ಅಂದ್ರೆ ಆಗಲ್ಲ ಅಂದ, ಅಂಚಿಂದಾದ್ರೂ ಕಳಿಸು ಅಂತ ಬಿಡದೆ ಕೇಳಿದ್ದಕ್ಕೆ ಒಂದು ಫೋಟೋ ಕಳಿಸಿದ. ಕಂಠೀರಾಯಿ ಸರ್ ಹೇಳಿದ ಕಾಲುವೆ ಸ್ಪಷ್ಟವಾಗಿ ಕಾಣ್ತಿದೆ! ಸೆಕ್ಯೂರಿಟಿ ಎಡ್ಜ್. ನನ್ನ 1941 ಪಕ್ಕ ಇಟ್ಟು ನೋಡ್ದೆ, ಅದೇ.

ಆಮೇಲೆ ಕಪ್ಪು ಬ್ಯಾಕ್‌ಗ್ರೌಂಡ್ ಫೋಟೋನ ಗೂಗಲ್ ಲೆನ್ಸಲ್ಲಿ ಹಾಕ್ದೆ, ಒಂದು ಹಳೇ ಹರಾಜಿನ ಕ್ಯಾಟಲಾಗ್ ಪುಟ ಬಂತು, ಅದೇ ಫೋಟೋ, ರೂಪಾಯಿ ಅನ್ನೋ ಅಕ್ಷರದ ಪಕ್ಕ ಇರೋ ಸಣ್ಣ ಗೀರೂ ಅದೇ. ಅಂದ್ರೆ ಅವನ ಹತ್ರ 1939 ಇಲ್ಲವೇ ಇಲ್ಲ, ನಲವತ್ತರ ನಂತರದ ಒಂದು ಸಾಧಾರಣ ರೂಪಾಯಿ ಇದೆ ಅಷ್ಟೇ. ಅದನ್ನ ಹೇಳಿದ ತಕ್ಷಣ ಬ್ಲಾಕ್ ಮಾಡ್ದ. ಗ್ರೂಪ್ ಅಡ್ಮಿನ್‌ಗೆ ಎರಡೂ ಫೋಟೋ ಅಕ್ಕಪಕ್ಕ ಹಾಕಿ ಕಳಿಸಿದೀನಿ, ಪೋಸ್ಟ್ ತೆಗೆದಿದಾರೆ. ನಿಮಗೆಲ್ಲ ತುಂಬಾ ತುಂಬಾ ಧನ್ಯವಾದ, ನೀವು ಹೇಳದೇ ಇದ್ದಿದ್ರೆ 2,000 ಹೋಗಿರೋದು.

ಪತ್ತಾರ_ಹುಬ್ಬಳ್ಳಿ:

ಭಾಳ ಚಲೋ ಆತು ನೋಡ್ರಿ. ಅವನ ಕ್ಯೂಆರ್‌ನಾಗಿನ ಯುಪಿಐ ಐಡಿನೂ ಅಡ್ಮಿನ್‌ಗೆ ಕೊಡ್ರಿ, ಹೆಸರು ಬದಲಿಸಿ ಮತ್ತ ಬರ್ತಾನ, ಅಕೌಂಟ್ ಅಷ್ಟು ಲಗೂನ ಬದಲಿಸೂದಿಲ್ಲ.

ಲಾಟ್_ವ್ಯಾಪಾರಿ (ಬೆಂಗಳೂರು):

1939 ನಿಜವಾಗ್ಲೂ ಬೇಕಂದ್ರೆ ದುಡ್ಡು ಕೂಡಿಸಿಟ್ಟು ಹೆಸರಿರೋ ಹರಾಜಲ್ಲೇ ತಗೊಳ್ಳಿ, ಗ್ಯಾರಂಟಿ ಬರವಣಿಗೇಲಿರುತ್ತೆ. ಅವಸರ ಇಲ್ಲಾಂದ್ರೆ ಬೆಂಗಳೂರಲ್ಲಿ ಎಕ್ಸಿಬಿಷನ್ ಆದಾಗ ಬನ್ನಿ, ಹತ್ತು ಪಟ್ಟು ತೋರಿಸೋ ಭೂತಗನ್ನಡಿ, ಆ ಚಿಕ್ಕ ತಕ್ಕಡಿ ಎರಡೂ ತನ್ನಿ, ಟೇಬಲ್ ಮೇಲೆ ಇಟ್ಟು ನೋಡೋಕೆ ಯಾರೂ ಬೇಡ ಅನ್ನಲ್ಲ. ಉಡುಪೀಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೇಲಿ ಮಾಡಿರೋ ಬ್ಯಾಂಕಿನ ನಾಣ್ಯ ಮ್ಯೂಸಿಯಂ ಇದೆಯಲ್ಲ, ಅದನ್ನೂ ಒಂದ್ಸಲ ನೋಡಿ, ಅಸಲಿ ನಾಣ್ಯ ಕಣ್ಣಿಗೆ ರೂಢಿ ಆದಷ್ಟೂ ಖೋಟಾ ಬೇಗ ಕಾಣುತ್ತೆ. ಹೊಸ ಸ್ಮರಣಾರ್ಥ ನಾಣ್ಯಗಳನ್ನ ಮಾತ್ರ ಯಾರ ಹತ್ರಾನೂ ತಗೋಬೇಡಿ, ಸರ್ಕಾರಿ ಟಂಕಸಾಲೆ ಸೈಟಲ್ಲೇ ಬುಕ್ ಮಾಡಿ. 2023ರಲ್ಲಿ ಬಂದ ಹೊಸ ಸಂಸತ್ ಭವನದ 75 ರೂಪಾಯಿ ಬುಕ್ ಮಾಡದೇ ತಪ್ಪಿಸ್ಕೊಂಡಿದ್ರೆ ಹೊರಗೆ ತಗೊಳ್ಳೋವಾಗ ತೂಗಿ ನೋಡಿ, ಅಸಲಿ 35 ಗ್ರಾಂ, 44 ಮಿಲಿಮೀಟರ್, ಅರ್ಧ ಬೆಳ್ಳಿ.

ಅಬುಧಾಬಿ_ಕನ್ನಡಿಗ:

ಒಳ್ಳೇ ಥ್ರೆಡ್. ನಂದೊಂದು ಡೌಟು, ಊರಿಂದ ಒಬ್ಬ ಸೆಲ್ಲರ್ ವಿಕ್ಟೋರಿಯಾ ರೂಪಾಯಿಗಳನ್ನ ಇಲ್ಲಿಗೇ ಕೊರಿಯರ್ ಮಾಡ್ತೀನಿ, ಕವರ್ ಮೇಲೆ ಬಟನ್ ಅಂತ ಬರೀತೀನಿ ಏನೂ ತೊಂದ್ರೆ ಆಗಲ್ಲ ಅಂತಿದಾನೆ. ತಗೋಬಹುದಾ?

ಕಡಲತೀರ_ಉಡುಪಿ:

ಬೇಡವೇ ಬೇಡ. 1972ರ ಪುರಾತನ ವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತುವೇ, ಅನುಮತಿ ಇಲ್ಲದೆ ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿಕ್ಟೋರಿಯಾ, ಎಡ್ವರ್ಡ್ ಪೂರ್ತಿ ಅದರಲ್ಲಿ ಬಂತು, 1911ರ ಐದನೇ ಜಾರ್ಜ್ ರೂಪಾಯಿಯೂ ಬಂತು. ಕಸ್ಟಮ್ಸಲ್ಲಿ ಹಿಡಿದ್ರೆ ನಾಣ್ಯವೂ ಹೋಯ್ತು ದುಡ್ಡೂ ಹೋಯ್ತು, ಕಳಿಸಿದವನ ಮೇಲೆ ಕೇಸು. ಮತ್ತೆ ಬಟನ್ ಅಂತ ಬರೆದ ಕವರಲ್ಲಿ ಬಟನ್ನೇ ಬಂದ್ರೆ ನೀವು ಯಾರಲ್ಲಿ ದೂರು ಕೊಡ್ತೀರಿ? ರಜೆಯಲ್ಲಿ ಊರಿಗೆ ಬಂದಾಗ ಎದುರಿಗೇ ಕೂತು ನೋಡಿ ಬಿಲ್ ಮಾಡಿಸಿ ತಗೊಳ್ಳಿ, ಊರ ಮನೆಯಲ್ಲೇ ಇಟ್ಟು ಹೋಗಿ.